ಬಿ.ಟಿ. ಹತ್ತಿಯ ಹೊಲದಲ್ಲಿ ಗುಲಾಬಿ ಕಾಯಿಕೊರಕ



ಕುಲಾಂತರಿ ಬೆಳೆಗಳು ನಮ್ಮ ನೆಲಕ್ಕೆ ಹಿತವೋ ಅಹಿತವೋ ಎಂಬ ವಾದವು ಇಂದಿಗೂ ಇತ್ಯರ್ಥವಾಗಿಲ್ಲ. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಜನಾಭಿಪ್ರಾಯವನ್ನು ಆಲಿಸಿದ ತರುವಾಯ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಬಿ.ಟಿ. ಬದನೆಯನ್ನು ತಡೆಹಿಡಿದುದು ವಿವೇಕದ ಕಾರ್ಯವೆಂದೇ ನನ್ನ ಭಾವನೆ. ಆದರೆ ಹತ್ತಿಯ ಮಾತು ಬೇರೆ. 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯು ರಾಯಚೂರು, ಹಾವೇರಿ, ಧಾರವಾಡಗಳ ಎರೆಭೂಮಿಯನ್ನು ಆಗಲೇ ವ್ಯಾಪಿಸಿರುವುದರಿಂದ, ಅದನ್ನು ಬೆಳೆಯುವವರು ಅರಿತು ಬೆಳೆಯಬೇಕೆಂಬುದೇ ಇಂದಿನ ನನ್ನ ನಿವೇದನೆ.

ಮಣ್ಣಿನಲ್ಲಿರುವ ಬಿ.ಟಿ. ಎಂಬ ಸೂಕ್ಷ್ಮಾಣುವಿನ ವಂಶವಾಹಿಯನ್ನು ಗಿಡದೊಳಗೆ ಸೇರಿಸಿರುವ ಕಾರಣ, ಎಲೆಯನ್ನೋ ಕಾಯಿಯನ್ನೋ ತಿಂದ ಕಾಯಿಕೊರಕದ ಮರಿಹುಳು ಸಾಯುತ್ತದೆ. ರಸ ಹೀರುವ ಹೇನು, ಜಿಗಿಹುಳು, ಥ್ರಿಪ್ಸ್‌ಗಳಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆರಂಭದ ವರ್ಷಗಳಲ್ಲಿ ಹಸಿರು ಕಾಯಿಕೊರಕವು ತಗ್ಗಿ, ಅದಕ್ಕಾಗಿ ಹೊಡೆಯುತ್ತಿದ್ದ ಔಷಧಿಯ ವೆಚ್ಚವೂ ಇಳಿದುದನ್ನು ಮರೆಮಾಚುವುದು ನ್ಯಾಯವಲ್ಲ. ಆ ಹುಳುವಿಗೆ ತೊಗರಿ, ಕಡಲೆಗಳೂ ಆಹಾರ. ಗುಲಾಬಿ ಕಾಯಿಕೊರಕವಾದರೋ ಬಹುಮಟ್ಟಿಗೆ ಹತ್ತಿಯೊಂದನ್ನೇ ನಂಬಿ ಬಾಳುವುದು. ಊರಿನ ಹತ್ತಿಯೆಲ್ಲವೂ ಬಿ.ಟಿ. ಆದಾಗ, ವಿಷವನ್ನು ತಾಳಿಕೊಂಡು ಉಳಿದ ಕೆಲವೇ ಹುಳುಗಳು ತಮ್ಮತಮ್ಮಲ್ಲಿಯೇ ಕೂಡಿ, ತಮ್ಮಂಥ ಸಂತಾನವನ್ನೇ ಬೆಳೆಸಿದುವು. 2010ರಲ್ಲಿ ಗುಜರಾತಿನಿಂದ ಈ ವಾರ್ತೆ ಬಂದಿತು. ಅನಂತರ ಒಂದರ ಬದಲು ಎರಡು ವಂಶವಾಹಿಗಳನ್ನು ಸೇರಿಸಿದ ಬೀಜವೂ ಈ ಹುಳುವಿನೆದುರು ಸೋತಿತು.

ಹುಳುಗಳಲ್ಲಿ ಹೀಗೆ ಪ್ರತಿರೋಧ ಬೆಳೆಯುವುದನ್ನು ತಡೆಯಲೆಂದೇ ಹೊಲದ ಅಂಚಿಗೆ ಬಿ.ಟಿ. ಅಲ್ಲದ ಹತ್ತಿಯನ್ನು ಬಿತ್ತಬೇಕೆಂಬ ವಿಧಿಯಿತ್ತು. ಅಲ್ಲಿ ಬದುಕಿದ ಸಾಮಾನ್ಯ ಪತಂಗಗಳು ಪ್ರತಿರೋಧ ಪಡೆದವುಗಳೊಡನೆ ಕೂಡಿದರೆ, ಹುಟ್ಟುವ ಮರಿಗಳಲ್ಲಿ ಹೆಚ್ಚಿನವು ಬಿ.ಟಿ. ಗಿಡವನ್ನು ತಿಂದು ಸಾಯುತ್ತವೆ ಎಂಬುದು ಅದರ ತತ್ತ್ವ. ಬೀಜದ ಪೊಟ್ಟಣದೊಡನೆ ಬರುತ್ತಿದ್ದ ಆ 120 ಗ್ರಾಂ ಬೀಜವನ್ನು ಬಹುಮಂದಿ ಬಿತ್ತಲೇ ಇಲ್ಲ. ಮಾರಿದವರು ಕಾರಣವನ್ನು ತಿಳಿಸಿಹೇಳದೆ ಹೋದುದರಿಂದ, ದೋಷವನ್ನು ಒಕ್ಕಲಿಗನೊಬ್ಬನ ತಲೆಗೇ ಕಟ್ಟಲಾಗದು.

ಇನ್ನು ಮಾಡಬೇಕಾದುದೇನು? ಹೂ ಬಿಡುವ ಕಾಲದಲ್ಲಿ, ದಳ ಬಿಚ್ಚದೆ ಗುಲಾಬಿಯ ಮೊಗ್ಗಿನಂತೆ ಮುದುಡಿ ನಿಂತ ಹೂಗಳನ್ನು ಕಿತ್ತು ನಾಶಪಡಿಸಿರಿ; ಹುಳು ಅವುಗಳೊಳಗಿರುತ್ತದೆ. ಹೊರಗೆ ಕಲೆಯಿಲ್ಲದ ಎಳೆಗಾಯಿಗಳನ್ನೂ ಆಗಾಗ ಸೀಳಿ ನೋಡಿರಿ. ಮೋಹಕ ಬಲೆಗಳನ್ನು ಕಟ್ಟಿ, ಒಂದೊಂದು ಬಲೆಗೆ ಸತತ ಮೂರು ರಾತ್ರಿ ಎಂಟೆಂಟು ಪತಂಗಗಳು ಬಿದ್ದರೆ ಮಾತ್ರ ಸಿಂಪರಣೆಯ ಯೋಚನೆ ಮಾಡಿರಿ. ನೀರಾವರಿಯ ಆಸೆಗೆ ಬೆಳೆಯನ್ನು ಬೇಸಿಗೆಯವರೆಗೂ ಎಳೆಯದೆ, ಡಿಸೆಂಬರ್ ಕೊನೆಯೊಳಗೆ ಮುಗಿಸಿರಿ. ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ಪುಡಿಮಾಡಿ ಮಣ್ಣಿಗೆ ಸೇರಿಸಿರಿ. ಸಮೀಪದಲ್ಲಿ ಜಿನ್ನಿಂಗ್ ಗಿರಣಿಯಿದ್ದಲ್ಲಿ, ಅದರ ಆವರಣದಲ್ಲಿಯೂ ಬಲೆಗಳನ್ನು ಇಡಬೇಕೆಂದು ಊರವರೆಲ್ಲರೂ ಕೂಡಿ ಕೇಳಿರಿ. ಹತ್ತಿಯ ಬೀಜದೊಳಗೆ ಅಡಗಿದ ಹುಳುವು ಪತಂಗವಾಗಿ, ಮುಂಗಾರಿನ ಹೊಸ ಬೆಳೆಗೆ ಅಲ್ಲಿಂದಲೂ ಹಾರಿಬರುತ್ತದೆ.