ಕೋಳಿ ಎಣಿಸಿದ ಹುಡುಗಿ
(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಟಿ.ವಿ. ಮಕ್ಕಳನ್ನು ಕೆಡಿಸುತ್ತಿದೆಯೆಂಬ ದೂರು ನಮ್ಮ ಸಭೆಗಳಲ್ಲಿ ತಪ್ಪದೆ ಕೇಳಿ ಬರುತ್ತದೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಪೆಟ್ಟಿಗೆಯೊಳಗಿಂದ ಬಂದು, ಮಕ್ಕಳಿಗಿಂತ ಹೆಚ್ಚಾಗಿ ಹೆತ್ತವರನ್ನು ಪ್ರಶ್ನಿಸಿದ ಪುಟ್ಟ ಹುಡುಗಿಯೊಬ್ಬಳಿದ್ದಾಳೆ. ಅವಳ ಹೆಸರು ಮೀನಾ.

ಸಾರ್ಕ್ ರಾಷ್ಟ್ರಗಳು 1991ರಿಂದ 2000ದ ವರೆಗಿನ ಅವಧಿಯನ್ನು ಹೆಣ್ಣು ಮಗುವಿನ ದಶಕವೆಂದು ಘೋಷಿಸಿದ್ದುವು. ಆ ಹಿನ್ನೆಲೆಯಲ್ಲಿ ಯುನಿಸೆಫ್ ರೂಪಿಸಿದ ಕಾರ್ಟೂನ್ ಸರಣಿಯ ನಾಯಕಿ ಈಕೆ. ಮೊದಲು ಬಾಂಗ್ಲಾದೇಶದಲ್ಲಿ ತೆರೆಗೆ ಬಂದಳು. ಬಳಿಕ ಉರ್ದು, ಹಿಂದಿ, ನೇಪಾಳಿ ಮುಂತಾದ ಭಾಷೆಗಳಲ್ಲಿ ಮಾತಾಡಿದಳು. ಅವಳಿಗೆ ರೂಪ ಕೊಡುವುದರಲ್ಲಿ ಭಾರತೀಯ ಆ್ಯನಿಮೇಷನ್‌ನ ಹಿರಿಯರಾದ ರಾಮ್ ಮೋಹನ್‌ರವರ ಕೈಯಿತ್ತು. ಅವರು 2019ರಲ್ಲಿ ನಿಧನರಾದರು. ಮೀನಾಳ ಹಳ್ಳಿ ಯಾವ ದೇಶದ್ದೆಂದು ಕಥೆ ಹೇಳುವುದಿಲ್ಲ. ಹೆಸರಂತೂ ಹಿಂದೂ, ಮುಸ್ಲಿಮ್ ಎರಡೂ ಮನೆಗಳಲ್ಲಿ ಸಲ್ಲುವಂತಹದು. ಆದುದರಿಂದ ‘ಇದು ಅವರ ಮನೆಯ ಕಥೆ’ ಎಂದು ಜಾರಿಕೊಳ್ಳಲು ಯಾರಿಗೂ ಎಡೆಯಿಲ್ಲ.

ಮೊದಲ ಕಂತಿನಲ್ಲಿ ತಮ್ಮ ರಾಜು ಶಾಲೆಗೆ ಹೋಗುತ್ತಾನೆ, ಮೀನಾ ಮನೆಗೆಲಸ ಮಾಡುತ್ತಾಳೆ. ಅವಳು ತನ್ನ ಗಿಳಿ ಮಿಠ್ಠುವನ್ನು ಶಾಲೆಗೆ ಕಳುಹಿಸುತ್ತಾಳೆ. ಅದು ಪಾಠ ಕೇಳಿ ಬಂದು ಒಪ್ಪಿಸುತ್ತದೆ. ಹಾಗೆ ಕಲಿತ ಲೆಕ್ಕದಿಂದ ಮನೆಯ ಕೋಳಿಗಳನ್ನು ಎಣಿಸುವಾಗ ಒಂದು ಕಡಿಮೆಯಿರುವುದು ಗೊತ್ತಾಗುತ್ತದೆ, ಕಳ್ಳ ಸಿಕ್ಕಿ ಬೀಳುತ್ತಾನೆ. ಆಗ ಮಾತ್ರ ತಂದೆ ಮಗಳನ್ನು ಶಾಲೆಗೆ ಕಳುಹಿಸಲು ಒಪ್ಪುತ್ತಾನೆ.

ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ನಾವು ಮಾತ್ರ ಸ್ವಲ್ಪ ನಿಲ್ಲಬೇಕು. ರಾಜು ಶಾಲೆ ಸೇರುವಾಗ ಯಾವ ಕೋಳಿಯನ್ನು ಹುಡುಕಿ ಕೊಟ್ಟಿದ್ದ? ಗಂಡು ಮಗುವಿಗೆ ಕಲಿಕೆ ಹುಟ್ಟಿನಿಂದ ಬಂದ ಹಕ್ಕು. ಹೆಣ್ಣು ಮಗುವಿಗಾದರೋ ಅದು ತನ್ನಿಂದ ಮನೆಗೇನು ಲಾಭವೆಂದು ತೋರಿಸಿಕೊಟ್ಟ ಮೇಲೆ ದೊರೆಯುವ ಬಹುಮಾನ. ‘ಓದಿದರೆ ಒಳ್ಳೆಯ ಸಂಬಂಧ ಬರುತ್ತದೆ’, ‘ನಾಳೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ’ ಎಂದು ನಾವೇ ವೇದಿಕೆಗಳಲ್ಲಿ ಎಷ್ಟು ಸಲ ವಾದಿಸಿಲ್ಲ! ಅವೂ ಕೋಳಿಯ ಲೆಕ್ಕಗಳೇ. ಹಳ್ಳಿಯ ತಂದೆಯೊಬ್ಬನ ಮನವೊಲಿಸಲು ಆ ಕಂತಿಗೆ ಬಹುಶಃ ಬೇರೆ ದಾರಿ ಇರಲಿಲ್ಲ. ಪಟ್ಟಣದಲ್ಲಿರುವ ನಮಗೂ ಅದೇ ದಾರಿ ಬೇಕೇ?

ಮಗನನ್ನು ಶುಲ್ಕ ತೆತ್ತು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮಗಳಿಗೆ ‘ಹತ್ತಿರದ್ದು ಸಾಕು’ ಎನ್ನುವ ಮನೆಗಳು ನಮ್ಮ ನಡುವೆಯೇ ಇವೆ.

ಇನ್ನೊಂದು ಕಂತು ಮಾವಿನಹಣ್ಣಿನದ್ದು. ಹಣ್ಣಿನ ದೊಡ್ಡ ಪಾಲು ರಾಜುವಿಗೆ. ಗಂಡು ಮಗುವಿಗೆ ಹೆಚ್ಚು ಬೇಕೆಂಬುದು ಅಜ್ಜಿಯ ನ್ಯಾಯ. ಮಕ್ಕಳಿಬ್ಬರೂ ಒಂದು ದಿನದ ಮಟ್ಟಿಗೆ ಕೆಲಸ ಬದಲಾಯಿಸಿಕೊಳ್ಳುತ್ತಾರೆ. ಅಕ್ಕನ ದಿನಚರಿಯಲ್ಲಿ ದಣಿದ ರಾಜುವಿಗೆ ಸಂಜೆ ಅಕ್ಕನ ಪಾಲಿನ ಊಟವೇ ಸಿಕ್ಕಿದಾಗ ಹಸಿವೆಯ ಅರ್ಥ ತಿಳಿಯುತ್ತದೆ. ಯಾರೂ ಅವನಿಗೆ ಉಪದೇಶ ಮಾಡುವುದಿಲ್ಲ. (ನಮ್ಮಂತಹ ಭಾಷಣಕಾರರು ಇದನ್ನು ಗಮನಿಸುವುದು ಒಳಿತು.)

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಹೆಣ್ಣು ಮಕ್ಕಳಿಗಾಗಿ ರಚಿಸಲಾದ ‘ಮೀನಾ ತಂಡ’ಗಳ ಹೆಸರು ಬಂದುದು ಈ ಹುಡುಗಿಯಿಂದಲೇ. ಅಲ್ಲಿ ಕಲಿತ ನಿಮ್ಮ ಹೆಣ್ಣು ಮಕ್ಕಳಲ್ಲಿ ಕೇಳಿ ನೋಡಿ, ನೆನಪಿದ್ದೀತು.

ಈ ಕಂತುಗಳು ಇಂದು ಮೊಬೈಲ್‌ನಲ್ಲೇ ದೊರೆಯುತ್ತವೆ. ಮಾವಿನಹಣ್ಣಿನ ಕಥೆ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಅಜ್ಜಿಯನ್ನೂ ಕರೆದು ಕೂರಿಸಿ, ಜತೆಗೆ ನೋಡಿ. ರಾತ್ರಿಯೂಟಕ್ಕೆ ಮುಂಚೆ ನೋಡಿದರೆ ಇನ್ನೂ ಉತ್ತಮ.