ಕಿತ್ತೂರಿನ ವಾಡೆ ಮತ್ತು ನ್ಯಾಯದ ಬಾಗಿಲು



ನಮ್ಮಲ್ಲೊಂದು ಗಾದೆಯುಂಟು: ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ವ್ಯಾಜ್ಯದ ಖರ್ಚನ್ನೂ ಅಲೆದಾಟವನ್ನೂ ಉಂಡ ರೈತನ ಮಾತಿದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ ಜೋಳ, ಹತ್ತಿ ಬೆಳೆದು ಬಾಳುವ ಜನಕ್ಕೆ ನ್ಯಾಯ ದೊರೆಯುವ ಸ್ಥಳ ಎಷ್ಟು ದೂರ ಎಂಬ ಪ್ರಶ್ನೆ ಹೊಸದಲ್ಲ. ಅದರ ಚರಿತ್ರೆಯನ್ನು ಹೇಳಬಲ್ಲ ಕಟ್ಟಡವೊಂದು ಕಿತ್ತೂರಿನಲ್ಲಿದೆ. ಅದೇ ದೇಸಾಯರ ವಾಡೆ.

17ನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯು ಕಟ್ಟಿಸಿದನೆಂದು ಹೇಳುವ ಈ ವಾಡೆ ಈಗ ಪಾಳುಗೋಡೆಗಳಾಗಿ ನಿಂತಿದೆ. ಅಂದಿನ ಕಾಲಕ್ಕೆ ವಾಡೆಯೆಂದರೆ ಒಡೆಯರ ಮನೆ ಮಾತ್ರವಲ್ಲ. ಬೊಕ್ಕಸವೂ ಅದೇ, ದರ್ಬಾರೂ ಅದೇ, ಪ್ರಜೆಗಳು ತಂಟೆ ತಕರಾರು ತರುವ ಕಚೇರಿಯೂ ಅದೇ. ಅನ್ಯರ ವ್ಯಾಜ್ಯ ಕೇಳುತ್ತಿದ್ದ ಇಂಥ ವಾಡೆಯು 1824ರಲ್ಲಿ ತಾನೇ ಒಂದು ವ್ಯಾಜ್ಯಕ್ಕೆ ಸಿಕ್ಕಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ದೇಸಾಯಿಯು ಮಕ್ಕಳಿಲ್ಲದೆ ತೀರಿಕೊಂಡನು. ಅದಕ್ಕೆ ಮುನ್ನ ಅವನು ಒಬ್ಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದನು. ದತ್ತಕವು ನಮ್ಮ ಧರ್ಮಶಾಸ್ತ್ರಗಳು ಒಪ್ಪಿದ ಪದ್ಧತಿ. ಆದರೆ ಧಾರವಾಡದ ಕಲೆಕ್ಟರ ಥ್ಯಾಕರೆ ಅದನ್ನು ಮನ್ನಿಸಲಿಲ್ಲ. ಬೊಕ್ಕಸಕ್ಕೆ ಮುದ್ರೆಯೊತ್ತಿಸಿ ಕಾವಲಿಟ್ಟನು. ರಾಣಿ ಚೆನ್ನಮ್ಮನು ಮೊದಲೇ ಖಡ್ಗ ಹಿರಿಯಲಿಲ್ಲ. ಅವಳ ಮನವಿ ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನವರೆಗೆ ಹೋಯಿತು, ಫಲ ದೊರೆಯಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಾರಸನಿಲ್ಲವೆಂದು ತೀರ್ಪಾದರೆ ಸಂಸ್ಥಾನ ಕಂಪನಿ ಸರಕಾರಕ್ಕೆ ಸೇರುತ್ತಿತ್ತು. ಆ ತೀರ್ಪು ಕೊಡುವವರೂ ಕಂಪನಿಯವರೇ! ವಾದಿಯೇ ನ್ಯಾಯಾಧೀಶನಾದ ಮೇಲೆ ಪ್ರತಿವಾದಿಗೆ ಉಳಿಯುವ ದಾರಿ ಯಾವುದು? ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಯುದ್ಧವಾಗಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ಕೊನೆಯುಸಿರೆಳೆದಳು.

1857ರ ದಂಗೆಯ ನಂತರ ಅದೇ ಇಂಗ್ಲಿಷ್ ಸರಕಾರವು ದೇಶದ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟಿತು. ನೆರೆಯ ರಾಮದುರ್ಗ ಸಂಸ್ಥಾನ 1948ರವರೆಗೆ ಉಳಿಯಿತು. ಕಿತ್ತೂರಿನ ಪಾಲಿಗೆ ಮಾತ್ರ ಆ ವಿವೇಕ ತಡವಾಗಿ ಬಂದಿತು.

ಅಂದಿನಿಂದ ಈ ಭಾಗದ ಜನರಿಗೆ ಮೇಲಿನ ನ್ಯಾಯ ದೂರವೇ ಉಳಿಯಿತು. 1956ರವರೆಗೆ ಹೈಕೋರ್ಟು ಮುಂಬಯಿಯಲ್ಲಿ; ರಾಜ್ಯ ಒಂದಾದ ಮೇಲೆ ಬೆಂಗಳೂರಿನಲ್ಲಿ. ಅಪೀಲು ಮಾಡಬೇಕಾದರೆ ಸುಮಾರು 500 ಕಿಲೋಮೀಟರು ಪಯಣ, ಊಟ, ವಸತಿ, ವಕೀಲರ ಫೀಜು. ಎರಡೆಕರೆ ಹೊಲದವನು ಅರ್ಧ ಹೊಲ ಮಾರಿ ಉಳಿದರ್ಧಕ್ಕೆ ಬಡಿದಾಡಬೇಕೆ? ಈ ಭಾಗದ ವಕೀಲರೂ ಜನರೂ ಬಹುಕಾಲ ಹೋರಾಡಿದುದರ ಫಲವಾಗಿ 2008ರ ಜುಲೈಯಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಕಿತ್ತೂರಿನ ಪಕ್ಕದಲ್ಲಿ ಹಾಯುವ ಹೆದ್ದಾರಿಯಲ್ಲಿಯೇ ಅದರ ಕಟ್ಟಡವಿದೆ. ಒಂದು ತಾಸಿನೊಳಗಿನ ದಾರಿ. ಥ್ಯಾಕರೆ ದಂಡು ಕಟ್ಟಿಕೊಂಡು ಬಂದ ಧಾರವಾಡಕ್ಕೆ ಇಂದು ಕಿತ್ತೂರಿನ ರೈತ ಕಾಗದ ಹಿಡಿದು ನ್ಯಾಯ ಕೇಳಲು ಹೋಗುತ್ತಾನೆ. ಅವನ ಎದುರಾಳಿ ಸರಕಾರವೇ ಆಗಿದ್ದರೂ ತೀರ್ಪು ಕೊಡುವವರು ಸರಕಾರದವರಲ್ಲ. ಚೆನ್ನಮ್ಮನಿಗೆ ದೊರೆಯದೆ ಹೋದದ್ದು ಇದೇ.

ವಾಡೆಯನ್ನು ನೋಡಲು ಹೋದಾಗ ಮಕ್ಕಳಿಗೆ ಯುದ್ಧದ ಕಥೆಯನ್ನು ಅವಶ್ಯವಾಗಿ ಹೇಳಿರಿ. ಅದರೊಡನೆ ಆ ಯುದ್ಧಕ್ಕೆ ಮೊದಲು ಹೋದ ಮನವಿಯ ಮಾತನ್ನೂ ಹೇಳಿರಿ. ನ್ಯಾಯಸ್ಥಾನ ಸಮೀಪವಿರಬೇಕು, ಅಲ್ಲಿ ಕುಳಿತವರು ಪಕ್ಷಗಾರರಾಗಿರಬಾರದು: ಆ ಪಾಳುಗೋಡೆಗಳು ಕಲಿಸುವ ಪಾಠ ಇಷ್ಟೇ.