ಬಿಸುವಿನಿಂದ ಪತ್ತನಾಜೆಯವರೆಗೆ: ಹಿತ್ತಿಲ ತರಕಾರಿ ಮತ್ತು ಬೀಜದ ಉಳಿವು



ತುಳುನಾಡಿನ ಕಾಲಗಣನೆಯಲ್ಲಿ ಬಿಸುವಿನಿಂದ ಪತ್ತನಾಜೆಯವರೆಗಿನ ಸುಮಾರು 40 ದಿನಗಳಿಗೆ ವಿಶೇಷ ಸ್ಥಾನವಿದೆ. ಏಪ್ರಿಲ್ ಮಧ್ಯಭಾಗದಲ್ಲಿ ಬಿಸುವಿನೊಂದಿಗೆ ಪಗ್ಗು ತಿಂಗಳು ಆರಂಭವಾಗುತ್ತದೆ. ಮೇ 24ರ ಆಸುಪಾಸಿನಲ್ಲಿ, ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ. ಅಲ್ಲಿಗೆ ಕೋಲ, ನೇಮ, ಜಾತ್ರೆಗಳು ಮುಗಿಯುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ರೈತ ಆಕಾಶವನ್ನು ನೋಡತೊಡಗುತ್ತಾನೆ.

ಪುತ್ತೂರು ಮತ್ತು ಸುಳ್ಯ ತಾಲೂಕುಗಳಲ್ಲೂ, ಅವೆರಡರ ಗ್ರಾಮಗಳನ್ನು ಸೇರಿಸಿ ರೂಪುಗೊಂಡ ಕಡಬ ತಾಲೂಕಿನಲ್ಲೂ, ವರ್ಷದ ಹಿತ್ತಿಲ ತರಕಾರಿಯ ಭವಿಷ್ಯ ಈ 40 ದಿನಗಳಲ್ಲಿಯೇ ನಿರ್ಣಯವಾಗುತ್ತದೆ. ಬೇಸಗೆಯ ಸೌತೆ, ಕುಂಬಳ, ಅಲಸಂಡೆಗಳ ಬೀಜವನ್ನು ತೆಗೆದು ಒಣಗಿಸುವುದು ಆಗಲೇ; ಮಳೆಗಾಲದ ಬೆಂಡೆ, ಹೀರೆ, ಹಾಗಲ, ಮುಳ್ಳುಸೌತೆಗಳನ್ನು ಬಿತ್ತುವುದೂ ಆಗಲೇ. ಮೊದಲನೆಯ ಕೆಲಸಕ್ಕೆ ಬಿಸಿಲು ಬೇಕು, ಎರಡನೆಯದಕ್ಕೆ ಹದವಾದ ಮಳೆ ಬೇಕು. ಇವೆರಡೂ ತಮ್ಮ ಸರದಿಯನ್ನು ಅರಿತು ಬರುತ್ತಿದ್ದವು ಎಂಬ ನಂಬಿಕೆಯ ಮೇಲೆ ಹಿರಿಯರ ಕೃಷಿ ನಿಂತಿತ್ತು. ಆ ನಂಬಿಕೆ ಇಂದು ಅಲುಗಾಡುತ್ತಿದೆ.

ಕೆಲವು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1. 2019ರಲ್ಲಿಯೂ 2023ರಲ್ಲಿಯೂ ಅದು ಪ್ರವೇಶಿಸಿದ್ದು ಜೂನ್ 8ರಂದು. 2019ರ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಸೊರಗಿತ್ತೆಂದರೆ, ಯಾತ್ರೆಯನ್ನು ಕೆಲವು ದಿನ ಮುಂದೂಡುವಂತೆ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ವಿನಂತಿಸಬೇಕಾಯಿತು. ಇದಕ್ಕೆ ವಿರುದ್ಧವಾಗಿ 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ತಲುಪಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡು ಮೂರು ದಿನಗಳೊಳಗೆ ಕರಾವಳಿ ಕರ್ನಾಟಕವೂ ಮಳೆಯಲ್ಲಿ ಮುಳುಗಿತು. ಎಂದರೆ ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ 15 ದಿನಗಳ ಅಂತರ. ನಗರವಾಸಿಗೆ ಇದು ಕೊಡೆ ಹುಡುಕುವ ಪ್ರಶ್ನೆಯಷ್ಟೇ. ಹಿತ್ತಿಲಿಗೆ ಹಾಗಲ್ಲ. ತಡವಾದ ವರ್ಷ ಮೊಳೆತ ಸಸಿ ಒಣಗುತ್ತದೆ. ಬೇಗ ಬಂದ ವರ್ಷ ಒಣಗಬೇಕಾದ ಬೀಜ ಬೂಸಲು ಹಿಡಿಯುತ್ತದೆ. ಎರಡೂ ಸಂದರ್ಭಗಳಲ್ಲಿ ನಷ್ಟವಾಗುವುದು ಬೀಜವೇ.

ಬೇಸಗೆಯ ಕೊನೆಯ ಬಿಸಿಲು ಗಿಡದ ಮೇಲೆ ಹೇಗೆ ವರ್ತಿಸುತ್ತದೆ? ತಾಪ ಅತಿಯಾದಾಗ ಹೂವಿನ ಪರಾಗ ಜೀವ ಕಳೆದುಕೊಳ್ಳುತ್ತದೆ. ಸೌತೆ, ಹೀರೆ, ಹಾಗಲಗಳಲ್ಲಿ ಗಂಡು ಹೂಗಳು ಹೆಚ್ಚಿ ಹೆಣ್ಣು ಹೂಗಳು ಕಡಿಮೆಯಾಗುತ್ತವೆ. ಅಲಸಂಡೆಯ ಹೂ ಉದುರುತ್ತದೆ. ಒಣ ಹವೆಯಲ್ಲಿ ನುಸಿ ಮತ್ತು ಬಿಳಿನೊಣಗಳು ವೃದ್ಧಿಯಾಗುತ್ತವೆ. ಬೆಂಡೆಯ ಎಲೆಯನ್ನು ಹಳದಿಗೊಳಿಸುವ ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಈ ಬಿಳಿನೊಣವೇ. ಮುರಕಲ್ಲಿನ ನೆಲ ಬರಿದಾಗಿದ್ದರೆ ಹಗಲಿನ ಕಾವನ್ನು ಹೀರಿ ಬೇರನ್ನು ಬೇಯಿಸುತ್ತದೆ. ಆದುದರಿಂದ ನೀರಿಗಿಂತಲೂ ಮೊದಲು ನೆಲಕ್ಕೆ ಬೇಕಾದದ್ದು ಹೊದಿಕೆ. ತರಗೆಲೆ, ಅಡಿಕೆ ಸೋಗೆ, ತೆಂಗಿನ ಮಡಲು ಇವೆಲ್ಲ ತೋಟದಲ್ಲಿಯೇ ಇವೆ. ಅವುಗಳಿಗೆ ಬೆಂಕಿ ಹಚ್ಚುವವರು ತಮ್ಮ ತೇವಾಂಶಕ್ಕೇ ಬೆಂಕಿ ಹಚ್ಚುತ್ತಾರೆ.

ಇನ್ನು ಗುಡುಗು ಮಳೆಯ ವಿಚಾರ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಕಾದ ನೆಲದ ಮೇಲೆ ಹಾದು, ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮಧ್ಯಾಹ್ನದ ಬಳಿಕ ಸುಬ್ರಹ್ಮಣ್ಯ, ಸಂಪಾಜೆಗಳ ಕಡೆ ಮೋಡ ಕಟ್ಟುತ್ತದೆ. ಈ ಮೋಡದ ಹರವು ಕಿರಿದು. ಒಂದು ಗ್ರಾಮಕ್ಕೆ ಧಾರಾಕಾರವಾಗಿ ಸುರಿದರೂ ಪಕ್ಕದ ಗ್ರಾಮದ ಅಂಗಳ ನೆನೆಯದೇ ಇರಬಹುದು. ಹೀಗಾಗಿ ಜಿಲ್ಲೆಗೆ ಹೇಳಿದ ಮುನ್ಸೂಚನೆ ಪ್ರತಿಯೊಂದು ಹಿತ್ತಿಲಿಗೂ ಹೊಂದಬೇಕೆಂದಿಲ್ಲ.

ಇಲ್ಲೊಂದು ಸರಳ ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. 1 ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು. 10 ಮಿ.ಮೀ. ಮಳೆಯಾದರೆ ಚದರ ಮೀಟರಿಗೆ 10 ಲೀಟರ್. ಬೇಸಗೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 5 ಮಿ.ಮೀ.ನಷ್ಟು ನೀರು ಆವಿಯಾಗುವುದಾದರೆ, ಆ ಮಳೆ ಗಿಡಕ್ಕೆ ಒದಗುವುದು ಎರಡೇ ದಿನ. ಒಂದು ಗುಡುಗು ಮಳೆಗೆ ಮನಸೋತು ಮನೆಯ ಬೀಜವನ್ನೆಲ್ಲ ಬಿತ್ತಿದರೆ ಮೂರನೆಯ ದಿನದಿಂದ ಕೊಡ ಹೊರಲೇಬೇಕು. ಅದೇ 10 ಮಿ.ಮೀ. ಮಳೆ 100 ಚದರ ಮೀಟರಿನ ಮಾಡಿನ ಮೇಲೆ ಬಿದ್ದಾಗ 1,000 ಲೀಟರ್ ಆಗುತ್ತದೆ. ಮೊದಲ ಕೊಳೆಯನ್ನು ಹರಿಯಬಿಟ್ಟು ಉಳಿದುದನ್ನು ಹಿಡಿದಿಟ್ಟರೆ, ಸಸಿಗಳಿಗೆ ಹಲವು ದಿನಗಳ ನೀರು ಸಿಕ್ಕಿದಂತೆ.

ಹಾಗಾದರೆ ಬಿತ್ತುವುದು ಯಾವಾಗ? ತಡಮಾಡಿದರೂ ಕಷ್ಟವೇ. ನಾಲ್ಕೈದು ಎಲೆ ಮೂಡುವ ಮೊದಲೇ ಮುಂಗಾರಿನ ಹೊಡೆತಕ್ಕೆ ಸಿಕ್ಕಿದ ಬೆಂಡೆ ಸಸಿ ಕೊಳೆಯುತ್ತದೆ. ದಿನಾಂಕ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲದಿದ್ದಾಗ ಅಪಾಯವನ್ನು ಹಂಚಿಕೊಳ್ಳುವುದೇ ವಿವೇಕ. ಬೀಜವನ್ನು ಮೂರು ಪಾಲು ಮಾಡಬೇಕು. ಮೊದಲ ಪಾಲನ್ನು ಬೇಶದ ಆರಂಭದಲ್ಲಿ ಗೆರಟೆಯಲ್ಲಿಯೋ ಹಾಳೆಯ ತೊಟ್ಟಿಯಲ್ಲಿಯೋ ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ತುಂಬಿ ಬಿತ್ತಬಹುದು. ಬಿಸಿಲು ಹೆಚ್ಚಾದರೆ ನೆರಳಿಗೆ, ಮಳೆ ಹೆಚ್ಚಾದರೆ ಚಾವಡಿಯ ಅಂಚಿಗೆ ಇವನ್ನು ಸರಿಸಲು ಸಾಧ್ಯ. ಎರಡನೆಯ ಪಾಲನ್ನು ಹತ್ತು ದಿನಗಳ ಬಳಿಕ ನೀರು ನಿಲ್ಲದ ಏರುಸಾಲಿನಲ್ಲಿ ಬಿತ್ತಬೇಕು. ಮೂರನೆಯ ಪಾಲನ್ನು, ಏನೇ ಆದರೂ, ಆ ವರ್ಷ ಮುಟ್ಟಬಾರದು. ಅದು ಮನೆಯ ಆಪದ್ಧನ.

ಗಡ್ಡೆಗಳ ಸ್ವಭಾವ ಬೇರೆ. ಮೊಳೆತ ಬೀಜ ಹಿಂದಕ್ಕೆ ಹೋಗಲಾರದು. ಗಡ್ಡೆಯಾದರೋ ತನ್ನೊಳಗಿನ ಆಹಾರವನ್ನು ನಂಬಿ ಕಾಯಬಲ್ಲದು. ಕೆಸು, ಸುವರ್ಣಗಡ್ಡೆ, ಅರಸಿನಗಳನ್ನು ಮೊದಲ ಮಳೆಗೇ ನೆಟ್ಟು ದಪ್ಪವಾಗಿ ಸೊಪ್ಪು ಮುಚ್ಚಿದರೆ ನಡುವಿನ ಒಣದಿನಗಳನ್ನು ಅವು ದಾಟುತ್ತವೆ. ಶುಂಠಿಗೆ ಮಾತ್ರ ನೀರು ನಿಲ್ಲದ ಎತ್ತರದ ಜಾಗವೇ ಬೇಕು.

ಬೀಜ ಒಣಗಿಸುವ ಕಾಲವನ್ನೂ ಮುಂದಕ್ಕೆ ತರಬೇಕಾಗಿದೆ. ಮೇ ತಿಂಗಳಿಡೀ ಬಿಸಿಲಿರುತ್ತದೆ ಎಂಬ ಭರವಸೆಯನ್ನು 2025 ಮುರಿದಿದೆ. ಬಳ್ಳಿಯ ಕಡೆಯ ಕಾಯಿಯನ್ನು ಬೀಜಕ್ಕೆ ಬಿಡುವ ರೂಢಿಯನ್ನು ತೊರೆದು, ನಡುವಿನ ಆರೋಗ್ಯವಂತ ಕಾಯಿಗೆ ಗುರುತು ಕಟ್ಟಿ, ಬಿಸುವಿನ ಹೊತ್ತಿಗೆ ಬೀಜ ಕೈಗೆ ಬರುವಂತೆ ನೋಡಿಕೊಳ್ಳಬೇಕು. ಬೆಳಗಿನ ಎಳೆಬಿಸಿಲಿನಲ್ಲಿ ಒಣಗಿಸಿದ ಸೌತೆ ಬೀಜ ಬಾಗದೆ ತಟ್ಟನೆ ಮುರಿದರೆ ಒಣಗಿತೆಂದು ಅರ್ಥ. ಬಳಿಕ ಬೂದಿ ಬೆರೆಸಿ ಮುಚ್ಚಳ ಬಿಗಿದ ಬಾಟಲಿಯಲ್ಲಿಡಬಹುದು. ಹಿಂದೆ ಸೆಗಣಿಯೊಂದಿಗೆ ಬೀಜವನ್ನು ಗೋಡೆಗೆ ತಟ್ಟುತ್ತಿದ್ದುದೂ, ಒಲೆಯ ಮೇಲೆ ತೂಗುಹಾಕುತ್ತಿದ್ದುದೂ ಇದೇ ತತ್ತ್ವದಿಂದ. ಗ್ಯಾಸ್ ಒಲೆ ಬಂದ ಮನೆಯಲ್ಲಿ ಆ ಹೊಗೆಯಿಲ್ಲ. ಅದರ ಬದಲು ಎಚ್ಚರ ಬೇಕು.

ಅಂಗಡಿಯಲ್ಲಿ ಪೊಟ್ಟಣದ ಬೀಜ ಸಿಗುವಾಗ ಇಷ್ಟೊಂದು ಶ್ರಮವೇಕೆ ಎಂದು ಯುವಕರು ಕೇಳುವುದು ಸಹಜ. ಹೈಬ್ರಿಡ್ ಬೀಜದ ಬೆಳೆಯಿಂದ ತೆಗೆದ ಬೀಜ ಮರುವರ್ಷ ತಾಯಿಯ ಗುಣವನ್ನು ಕೊಡುವುದಿಲ್ಲ. ಪ್ರತಿ ವರ್ಷವೂ ಕೊಳ್ಳಬೇಕು. ಊರ ತಳಿಯಾದರೋ ಈ ಮಣ್ಣು, ಈ ಸೆಕೆ, ಈ ಮಳೆಗಳ ನಡುವೆ ಆಯ್ಕೆಯಾಗುತ್ತಾ ಬಂದದ್ದು. ಹಿಂದೆ ಒಂದು ಮನೆಯಲ್ಲಿ ಬೀಜ ಕೆಟ್ಟರೆ ನೆರೆಮನೆಯಲ್ಲಿ ಕೇಳುತ್ತಿದ್ದರು. ನೆರೆಮನೆಯವರೂ ಪೇಟೆಯಿಂದ ತರುವವರಾದರೆ ಕೇಳುವುದು ಯಾರಲ್ಲಿ? ಒಂದು ಕೆಟ್ಟ ಮೇ ತಿಂಗಳಿಗೆ ಒಂದು ತಳಿಯೇ ಇಲ್ಲವಾಗುವ ಅಪಾಯ ಇರುವುದು ಇಲ್ಲಿ. ಹವಾಮಾನ ಎಷ್ಟು ಚಂಚಲವಾಗುತ್ತದೆಯೋ ಬೀಜ ಅಷ್ಟು ಹೆಚ್ಚು ಮನೆಗಳಲ್ಲಿ ಹಂಚಿಹೋಗಿರಬೇಕು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸುಳ್ಯ ತಾಲೂಕಿನ ಬಾಳಿಲದಂತಹ ಊರುಗಳಲ್ಲಿ ಕೃಷಿಕರೇ ದಶಕಗಳ ಕಾಲ ದಿನದಿನದ ಮಳೆಯನ್ನು ಅಳೆದು ಬರೆದಿಟ್ಟಿದ್ದಾರೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ಡಬ್ಬಿ, ಒಂದು ಅಡಿಪಟ್ಟಿ, ಒಂದು ನೋಟುಪುಸ್ತಕ ಇಷ್ಟಿದ್ದರೆ ಯಾವ ಮನೆಯಲ್ಲೂ ಇದು ಸಾಧ್ಯ. ಡಬ್ಬಿಯನ್ನು ಮರ, ಮಾಡುಗಳಿಂದ ದೂರ ಬಯಲಿನಲ್ಲಿಟ್ಟು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೀರಿನ ಆಳವನ್ನು ಅಳೆಯಬೇಕು. ಗುಡುಗುವಾಗ ಮಾತ್ರ ಬಯಲಿಗೂ ಮರದಡಿಗೂ ಹೋಗಬಾರದು. ಮಳೆಯ ಲೆಕ್ಕದ ಪಕ್ಕದಲ್ಲಿಯೇ ಬಿತ್ತಿದ ದಿನ, ಮೊಳೆತ ದಿನ, ಮೊದಲ ಹೂ ಬಿಟ್ಟ ದಿನಗಳನ್ನು ಬರೆಯಬೇಕು. ಐದಾರು ವರ್ಷಗಳಲ್ಲಿ ಆ ಪುಸ್ತಕ ಆ ಮನೆಯದೇ ಪಂಚಾಂಗವಾಗುತ್ತದೆ.

ಪತ್ತನಾಜೆ ಮುಂದೆಯೂ ಬರುತ್ತದೆ. ಮಳೆ ಅದಕ್ಕೆ ಮೊದಲೋ ನಂತರವೋ ಬರಬಹುದು. ಯಾವಾಗ ಬಂದರೂ ಪ್ರತಿ ಮನೆಯ ಅಟ್ಟದ ಮೇಲೆ ಬಿತ್ತದೆ ಉಳಿಸಿದ ಒಂದು ಹಿಡಿ ಬೀಜ ಇರಲಿ. ಅದರಲ್ಲಿ ಅರ್ಧ ಹಿಡಿ ಈ ವರ್ಷವೇ ನೆರೆಮನೆಗೂ ತಲುಪಲಿ.